ಸ್ಟ್ರಾಬೆರಿ ವಾಸನೆಯ ಹತ್ತು ಮಿಲಿಗ್ರಾಂ: ಪುಟ್ಟ ಮಕ್ಕಳ ಎಚ್‌ಐವಿ ಗುಳಿಗೆ ಹೇಗಿದೆ?

ಹೊಸದನ್ನು ತೂಗಿ ನೋಡುವ ಮೊದಲು ಹಳೆಯದು ಹೇಗಿತ್ತೆಂದು ಹೇಳಬೇಕು. ಎಚ್‌ಐವಿ ಇರುವ ಎಳೆಯ ಮಕ್ಕಳಿಗೆ ಬಹುಕಾಲ ಸಿಗುತ್ತಿದ್ದದ್ದು ಲೋಪಿನಾವಿರ್-ರಿಟೋನಾವಿರ್ ಸಿರಪ್ಪು. ಹಾಗಲಕಾಯಿ, ಬೇವು ಎರಡೂ ಅದರ ಮುಂದೆ ಸಪ್ಪೆ. ಅದರಲ್ಲಿ ನೂರಕ್ಕೆ 42 ಪಾಲು ಆಲ್ಕೋಹಾಲು, ಮೇಲೆ 15 ಪಾಲು ಪ್ರೊಪಿಲೀನ್ ಗ್ಲೈಕಾಲು. ದಿನಕ್ಕೆರಡು ಸಲ ಕುಡಿಸಬೇಕು, ಬಾಟಲಿಯನ್ನು ಫ್ರಿಜ್ಜಿನಲ್ಲಿಡಬೇಕು. ಹೊರಗಿಟ್ಟರೆ 25 ಡಿಗ್ರಿಯೊಳಗೆ ಎರಡು ತಿಂಗಳು ತಡೆಯುತ್ತಿತ್ತು. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ 25 ಡಿಗ್ರಿ ಎಲ್ಲಿಂದ ತರುವುದು? ಫ್ರಿಜ್ಜಿಲ್ಲದ ಮನೆಯವರು ಪಕ್ಕದ ಮನೆಯ ಫ್ರಿಜ್ಜು ಕೇಳಿದರೆ ಬಾಟಲಿ ಏನೆಂದು ಹೇಳಬೇಕಾಗುತ್ತಿತ್ತು. 2017ರ ಮಾರ್ಚ್‌ನಲ್ಲಿ ದೇಶದಲ್ಲಿ ಅದೂ ಸಿಗದಂತಾಗಿ, ಮಕ್ಕಳೇ ಪ್ರಧಾನಿಗೆ ಪತ್ರ ಬರೆದರು. ಆಮೇಲೆ ಬಂದ ಸಣ್ಣ ಕಾಳಿನಂಥ ಪೆಲೆಟ್‌ಗಳು ಕೊಂಚ ವಾಸಿ. ಫ್ರಿಜ್ಜು ಬೇಡ, ಮೆತ್ತಗಿನ ಅನ್ನದ ಮೇಲೆ ಉದುರಿಸಬಹುದು. ಆದರೆ ಮಗು ಅಗಿದರೆ ಅದೇ ಕಹಿ.

ಈಗ ಎಆರ್‌ಟಿ ಸೆಂಟರಿನಲ್ಲಿ, ಅಂದರೆ ಎಚ್‌ಐವಿ ಚಿಕಿತ್ಸಾ ಕೇಂದ್ರದಲ್ಲಿ, ಕೈಗೆ ಬರುವುದು ಡೋಲುಟೆಗ್ರಾವಿರ್ 10 ಮಿ.ಗ್ರಾಂ. ಮಾತ್ರೆ. ನೀರಿನಲ್ಲಿ ಕರಗಿಸಿ ಕುಡಿಸುವಂಥದ್ದು, ನಡುವೆ ಮುರಿಯಲು ಗೀರು ಇರುವಂಥದ್ದು, ಸ್ಟ್ರಾಬೆರಿ ವಾಸನೆಯದ್ದು. ಇದರ ಜೆನೆರಿಕ್ ರೂಪಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ನವೆಂಬರ್‌ನಲ್ಲಿ ತಾತ್ಕಾಲಿಕ ಒಪ್ಪಿಗೆ ಕೊಟ್ಟಿತು. ನಾಲ್ಕು ವಾರ ತುಂಬಿ 3 ಕೆ.ಜಿ. ತೂಗುವ ಮಗುವಿನಿಂದ ಶುರುಮಾಡಬಹುದು. ಇದೊಂದನ್ನೇ ಕೊಡುವುದಿಲ್ಲ, ಜೊತೆಗೆ ಅಬಾಕಾವಿರ್ 120 ಮತ್ತು ಲಾಮಿವುಡಿನ್ 60 ಮಿ.ಗ್ರಾಂ. ಸೇರಿದ ಇನ್ನೊಂದು ಕರಗುವ ಮಾತ್ರೆ ಇರುತ್ತದೆ. ಎರಡೂ ದಿನಕ್ಕೊಮ್ಮೆ, ಒಟ್ಟಿಗೆ, ಊಟದೊಂದಿಗೂ ಸರಿ, ಖಾಲಿ ಹೊಟ್ಟೆಗೂ ಸರಿ.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಮಾತ್ರೆ ಚೆನ್ನಾಗಿದೆ. ಕೆಡುವುದು ಅದರ ಸುತ್ತಲಿನ ಕೆಲಸ. ತೂಕ ನೋಡುವುದು, ಅರ್ಧ ಮಾಡುವುದು, ಎಣಿಸಿ ಕೊಡುವುದು, ಮುಚ್ಚಿಡುವುದು. ಹಾಗಾಗಿ ಈ ಬರಹದ ಹೆಚ್ಚಿನ ಪಾಲು ಅದರ ಮೇಲೆಯೇ.

ಕೆಲಸದ ವಿಷಯದಲ್ಲಿ ಅನುಮಾನವಿಲ್ಲ. ಒಡಿಸ್ಸಿ ಎಂಬ ಅಂತಾರಾಷ್ಟ್ರೀಯ ಅಧ್ಯಯನದಲ್ಲಿ 96 ವಾರಗಳೊಳಗೆ ಚಿಕಿತ್ಸೆ ಸೋತದ್ದು ಡೋಲುಟೆಗ್ರಾವಿರ್ ಪಡೆದ ಮಕ್ಕಳಲ್ಲಿ ಶೇ. 14, ಹಳೆಯ ಔಷಧಗಳ ಗುಂಪಿನಲ್ಲಿ ಶೇ. 22. ಈ ಔಷಧಕ್ಕೆ ವೈರಸ್ಸು ಒಗ್ಗಿಹೋಗುವುದೂ ಕಡಿಮೆ. ಒಂದೆರಡು ದಿನ ತಪ್ಪಿದರೂ ಹಳೆಯ ನೆವಿರಪಿನ್‌ನಂತೆ ಕೈಕೊಡುವುದಿಲ್ಲ. ಇದನ್ನು ಸಡಿಲು ಬಿಡಲು ಸಿಕ್ಕ ಅನುಮತಿ ಎಂದು ಯಾರೂ ಓದಿಕೊಳ್ಳಬಾರದು.

ಅಳತೆ ನಿಲ್ಲುವುದು ವಯಸ್ಸಿನ ಮೇಲಲ್ಲ, ತೂಕದ ಮೇಲೆ. 3ರಿಂದ 6 ಕೆ.ಜಿ.ಯೊಳಗೆ ಡೋಲುಟೆಗ್ರಾವಿರ್ ಅರ್ಧ, ಅಬಾಕಾವಿರ್-ಲಾಮಿವುಡಿನ್ ಒಂದು. ಕರಗುವ ಎರಡು ಮಾತ್ರೆಗಳ ಸಂಖ್ಯೆ ಬೇರೆಯಾಗುವುದು ಇಲ್ಲಿ ಮಾತ್ರ, ತಪ್ಪು ಹೆಚ್ಚಾಗುವುದೂ ಇಲ್ಲೇ. 6 ದಾಟಿದ ಮೇಲೆ 20ರವರೆಗೆ ಎರಡೂ ಜೋಡಿಯಾಗಿ ಹೋಗುತ್ತವೆ: 6ರಿಂದ 10ರೊಳಗೆ ತಲಾ ಒಂದೂವರೆ, 10ರಿಂದ 14ರೊಳಗೆ ತಲಾ ಎರಡು, 14ರಿಂದ 20ರೊಳಗೆ ತಲಾ ಎರಡೂವರೆ. 20 ಕೆ.ಜಿ. ತುಂಬಿದೊಡನೆ ಕರಗುವ ಡೋಲುಟೆಗ್ರಾವಿರ್ ಬಿಟ್ಟು ದೊಡ್ಡವರ 50 ಮಿ.ಗ್ರಾಂ. ಮಾತ್ರೆ ಒಂದು, ಅಬಾಕಾವಿರ್-ಲಾಮಿವುಡಿನ್ ಮಾತ್ರ 25 ಕೆ.ಜಿ.ಯವರೆಗೆ ಕರಗುವವೇ ಮೂರು. 25ಕ್ಕೆ ಅದೂ ಅಬಾಕಾವಿರ್ 600, ಲಾಮಿವುಡಿನ್ 300 ಮಿ.ಗ್ರಾಂ. ಸೇರಿದ ಒಂದೇ ಮಾತ್ರೆಯಾಗುತ್ತದೆ. ಇದು ತಿಳಿದಿರಲಿ ಎಂದು ಬರೆದದ್ದು. ಸೆಂಟರಿನ ಡಾಕ್ಟರು ಗ್ರೀನ್ ಬುಕ್ಕಿನಲ್ಲಿ (ನಿಮ್ಮ ಕೈಯಲ್ಲಿರುವ ಚಿಕಿತ್ಸೆಯ ಪುಸ್ತಕ) ಬರೆದದ್ದು ಇದಕ್ಕಿಂತ ಬೇರೆಯಿದ್ದರೆ ಮನೆಯಲ್ಲೇ ತಿದ್ದಿಕೊಳ್ಳದೆ ಅಲ್ಲೇ ಕೇಳಿ.

ಒಂದು ಎಚ್ಚರಿಕೆ. ಹತ್ತರ ಮಾತ್ರೆ ಐದು ಸೇರಿದರೆ ಐವತ್ತಾಗುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕರಗುವ ಮಾತ್ರೆಯ ಔಷಧ ರಕ್ತಕ್ಕೆ ಹೆಚ್ಚಾಗಿ ಇಳಿಯುತ್ತದೆ. ಕರಗುವ 30 ಮಿ.ಗ್ರಾಂ. ಹೆಚ್ಚುಕಡಿಮೆ ನುಂಗುವ 50ಕ್ಕೆ ಸಮ. ಸ್ಟಾಕಿಲ್ಲದ ದಿನ ಒಂದರ ಬದಲು ಇನ್ನೊಂದನ್ನು ಕೊಡುವಾಗ ಈ ತಪ್ಪು ಸುಲಭವಾಗಿ ಆಗಿಬಿಡುತ್ತದೆ.

ಇನ್ನು ಕರಗಿಸುವ ಬಗೆ. ಕುದಿಸಿ ಪೂರ್ತಿ ಆರಿಸಿದ ನೀರು ತೆಗೆದುಕೊಳ್ಳಿ, ಬಿಸಿನೀರು ಬೇಡ. ಎರಡೂ ಬಗೆಯ ಮಾತ್ರೆ ಸೇರಿ ಎರಡು-ಮೂರಿದ್ದರೆ 10 ಮಿ.ಲೀ. ನೀರು ಸಾಕು, ಅಂದರೆ 5 ಮಿ.ಲೀ.ನ ಎರಡು ಚಮಚ. ನಾಲ್ಕೈದಿದ್ದರೆ 20 ಮಿ.ಲೀ. ಎರಡನ್ನೂ ಒಂದೇ ಲೋಟದಲ್ಲಿ ಹಾಕಬಹುದು. ಮೊದಲು ನೀರು, ಆಮೇಲೆ ಮಾತ್ರೆ. ಹಿಂದುಮುಂದಾದರೆ ಲೋಟದ ತಳಕ್ಕೆ ಅಂಟಿಕೊಳ್ಳುತ್ತದೆ. ಎರಡು-ಮೂರು ನಿಮಿಷ ಬಿಟ್ಟು, ಚಮಚದಿಂದ ಕದಡಿ, ಗಟ್ಟಿ ಉಳಿಯದಂತೆ ನೋಡಿ. ಇದು ಸಕ್ಕರೆಯಂತೆ ತಿಳಿಯಾಗಿ ಕರಗುವುದಿಲ್ಲ, ಮಸುಕಾಗಿಯೇ ಇರುತ್ತದೆ. ಸುಮ್ಮನಿಟ್ಟರೆ ಪುಡಿ ತಳ ಸೇರುತ್ತದೆ. ಹಾಗಾಗಿ ಕುಡಿಸುವ ಮುನ್ನ ಮತ್ತೊಮ್ಮೆ ಕದಡಬೇಕು, ಕುಡಿದ ಮೇಲೆ ಅದೇ ಲೋಟಕ್ಕೆ ಇನ್ನೊಂದು ಚಮಚ ನೀರು ಹಾಕಿ ತೊಳೆದು ಅದನ್ನೂ ಕುಡಿಸಬೇಕು. ಈ ಕೊನೆಯ ಚಮಚವನ್ನು ಬಿಡುವವರೇ ಹೆಚ್ಚು. ಲೋಟದ ತಳದಲ್ಲಿ ಬಿಳಿ ಗಸಿ ಉಳಿದರೆ ಆ ದಿನದ ಔಷಧದಲ್ಲಿ ಒಂದು ಪಾಲು ಸಿಂಕಿಗೆ ಹೋಯಿತೆಂದೇ ಅರ್ಥ. ಕರಗಿಸಿದ ಮೇಲೆ ಅರ್ಧ ಗಂಟೆಯೊಳಗೆ ಮುಗಿಸಬೇಕು. ಬೆಳಗ್ಗೆಯದನ್ನು ರಾತ್ರಿಯೇ ಕರಗಿಸಿಡುವಂತಿಲ್ಲ.

ಹಸುಗೂಸಿಗೆ ನಮ್ಮ ಮನೆಗಳ ಒಳಲೆಗಿಂತ ಒಳ್ಳೆಯ ಸಾಧನವಿಲ್ಲ. ಸ್ವಲ್ಪ ಸ್ವಲ್ಪವಾಗಿ ಕೆನ್ನೆಯ ಒಳಬದಿಗೆ ಬಿಡಬಹುದು, ಆಮೇಲೆ ತೊಳೆದ ನೀರನ್ನೂ ಅದರಲ್ಲೇ ಕೊಡಬಹುದು. ಅಳತೆಗೆ ಮಾತ್ರ ಗುರುತಿರುವ ಸಿರಿಂಜೇ ಬೇಕು. ಹಾಲಿನ ಬಾಟಲಿಗೆ ಅಥವಾ ತುಂಬು ಲೋಟ ಹಾಲಿಗೆ ಮಾತ್ರೆ ಹಾಕುವ ಜಾಣತನ ಬೇಡ. ಮಗು ಅರ್ಧ ಕುಡಿದು ಮುಖ ತಿರುಗಿಸಿದರೆ ಎಷ್ಟು ಔಷಧ ಹೋಯಿತೆಂದು ಯಾರೂ ಹೇಳಲಾರರು.

ರುಚಿಗೆ ಹತ್ತಕ್ಕೆ ಏಳು ಕೊಡಬಹುದು. ಮೊದಲ ಗುಟುಕು ಸಿಹಿ, ವಾಸನೆ ಹಿತ. ಹಿಂದೆಯೇ ಒಂದು ಕಹಿ ಏಳುತ್ತದೆ. ಅದು ಜೊತೆಯ ಅಬಾಕಾವಿರ್‌ನದು. ಕುಡಿದ ಕೂಡಲೇ ಒಂದು ಚೂರು ಬೆಲ್ಲ ಅಥವಾ ಬಾಳೆಹಣ್ಣು ಕೊಟ್ಟರೆ ಮಗು ಮರೆಯುತ್ತದೆ. ವರ್ಷದೊಳಗಿನ ಕೂಸಿಗೆ ಜೇನು ಬೇಡ. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಇಡೀ ಅಳತೆಯನ್ನು ಮತ್ತೆ ಕೊಡಬೇಕು, ಅದಾದ ಮೇಲಾದರೆ ಬೇಕಿಲ್ಲ. ಸಮಯ ಮರೆತರೆ ನೆನಪಾದಾಗ ಕೊಡಿ. ಮುಂದಿನದಕ್ಕೆ ನಾಲ್ಕು ಗಂಟೆಗಿಂತ ಕಡಿಮೆ ಉಳಿದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ, ಎರಡು ದಿನದ್ದನ್ನು ಒಟ್ಟಿಗೆ ಕೊಡಬೇಡಿ.

ದೂರುಗಳ ಪಟ್ಟಿ ಅರ್ಧ ಮಾತ್ರೆಯಿಂದ ಶುರು. ಗೀರು ಆಳವಾಗಿದೆ, ಎರಡು ಹೆಬ್ಬೆರಳಿನಿಂದ ಒತ್ತಿದರೆ ಸರಿಯಾಗಿ ಮುರಿಯುತ್ತದೆ. ಚಾಕು ಹಾಕಿದರೆ ಪುಡಿ ಉದುರಿ ಎರಡೂ ಹೋಳು ಸಣ್ಣದಾಗುತ್ತವೆ. ಉಳಿದ ಅರ್ಧವನ್ನು ಅದೇ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದು, ಮರುದಿನ ಮೊದಲು ಅದನ್ನೇ ಬಳಸಬೇಕು. ಡಬ್ಬಿಯೊಳಗಿನ ತೇವ ಹೀರುವ ಪುಟ್ಟ ಪೊಟ್ಟಣವನ್ನು ಎಸೆಯಬಾರದು. ಜುಲೈ ತಿಂಗಳ ಮಲೆನಾಡಿನಲ್ಲಿ ಪೇಪರಿನಲ್ಲಿ ಸುತ್ತಿಟ್ಟ ಅರ್ಧ ಮಾತ್ರೆ ಎರಡೇ ದಿನಕ್ಕೆ ಮೆತ್ತಗಾಗುತ್ತದೆ. ಬಯಲುಸೀಮೆಯಲ್ಲಿ ಕಾಟ ಬೇರೆ, ಬಿಸಿಲಿನದು: 30 ಡಿಗ್ರಿಯೊಳಗೆ ಇಡಿ ಎನ್ನುತ್ತದೆ ಲೇಬಲ್ಲು. ತಗಡಿನ ಮನೆಯಲ್ಲಿ ಟಿವಿ ಮೇಲಾಗಲಿ ಸಜ್ಜದ ಮೇಲಾಗಲಿ ಇಡುವ ಬದಲು ನೆಲದ ಹತ್ತಿರ, ನೀರಿನ ಮಡಕೆಯ ಬದಿಯ ತಂಪಿನಲ್ಲಿ, ಮಕ್ಕಳು ತೆರೆಯಲಾಗದಂತೆ ಬೀಗ ಹಾಕಿದ ಪೆಟ್ಟಿಗೆಯೊಳಗೆ ಇಡಬಹುದು, ಡಬ್ಬಿಗೆ ನೀರು ತಾಗದಂತೆ. ಏನೇ ಆದರೂ ಫ್ರಿಜ್ಜು ಬೇಕಿಲ್ಲ. ಹಳೆಯ ಸಿರಪ್ಪು ಕಂಡವರಿಗೆ ಅದೊಂದೇ ಸಾಕು.

ಎರಡನೆಯ ದೂರು ಎಣಿಕೆಯದು. ಡೋಲುಟೆಗ್ರಾವಿರ್ ಡಬ್ಬಿಯಲ್ಲಿ 90 ಮಾತ್ರೆ. ದಿನಕ್ಕೆ ಒಂದೂವರೆ ತಿನ್ನುವ ಮಗುವಿಗೆ ಅದು 60 ದಿನ, ಎರಡು ತಿನ್ನುವವನಿಗೆ 45 ದಿನ, ಎರಡೂವರೆಯವನಿಗೆ 36 ದಿನ. ಮೂರು ತಿಂಗಳಿಗೆಂದು ಎರಡೂವರೆಯ ಮಗುವಿಗೆ ಎರಡು ಡಬ್ಬಿ ಕೊಟ್ಟು ಕಳಿಸಿದರೆ 72ನೆಯ ದಿನಕ್ಕೆ ಖಾಲಿ. 90 ದಿನಕ್ಕೆ 225 ಮಾತ್ರೆ ಬೇಕು, ಅಂದರೆ ಮೂರು ಡಬ್ಬಿ. ಔಷಧ ಕೊಡುವ ಕಿಟಕಿಯ ಮುಂದೆಯೇ ಮೊಬೈಲಿನಲ್ಲಿ ಈ ಭಾಗಾಕಾರ ಮಾಡಿಕೊಳ್ಳುವುದು ಮರ್ಯಾದೆಗೇಡಲ್ಲ. ಮುಂದಿನ ಸಲ ಹೋಗುವಾಗ ಉಳಿದ ಮಾತ್ರೆಗಳ ಸಮೇತ ಡಬ್ಬಿ ಒಯ್ಯಿರಿ. ಎಣಿಸಿದರೆ ಎಷ್ಟು ದಿನ ತಪ್ಪಿದೆ, ಅಥವಾ ಎಷ್ಟು ದಿನ ಹೆಚ್ಚು ಕೊಟ್ಟಿದ್ದೀರಿ, ಎರಡೂ ಗೊತ್ತಾಗುತ್ತದೆ.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ತೂಕ. ಔಷಧ ಹಿಡಿದ ಮಗು ಹಸಿದು ಉಣ್ಣತೊಡಗುತ್ತದೆ, ಮೊದಲ ತಿಂಗಳುಗಳಲ್ಲೇ ಮೈ ಕೈ ತುಂಬಿಕೊಳ್ಳುತ್ತದೆ. 9 ಕೆ.ಜಿ. ಇದ್ದವನು ಮುಂದಿನ ಭೇಟಿಯೊಳಗೆ 10 ದಾಟಿರುತ್ತಾನೆ, ಮನೆಯಲ್ಲಿ ಮಾತ್ರ ಒಂದೂವರೆಯೇ ನಡೆಯುತ್ತಿರುತ್ತದೆ. ಮೂರು ತಿಂಗಳ ಔಷಧ ಒಟ್ಟಿಗೆ ಕೊಡುವುದು ಕೂಲಿ ಬಿಟ್ಟು ಬರುವವರಿಗೆ ವರವೇ. ಅದರ ಬೆಲೆ ಎಂದರೆ ಈ ನಡುವಿನ ತೂಕ ಯಾರ ಕಣ್ಣಿಗೂ ಬೀಳದಿರುವುದು. ಇದಕ್ಕೆ ಊರಲ್ಲೇ ಉಪಾಯವಿದೆ. ಅಂಗನವಾಡಿಯಲ್ಲಿ ಪ್ರತಿ ತಿಂಗಳು ಎಲ್ಲ ಮಕ್ಕಳನ್ನೂ ತೂಗುತ್ತಾರೆ. ಏನೂ ಹೇಳದೆ, ಆ ಅಂಕಿಯನ್ನಷ್ಟೇ ಬರೆದುಕೊಂಡು ಬಂದರೆ ಸಾಕು. 6, 10, 14, 20 ಈ ನಾಲ್ಕು ಗೆರೆಗಳಲ್ಲಿ ಯಾವುದನ್ನು ದಾಟಿದರೂ ಸೆಂಟರಿನ ಕೌನ್ಸೆಲರಿಗೆ ಫೋನು ಮಾಡಬೇಕು. ಸೆಂಟರಿನ ತಕ್ಕಡಿಯಲ್ಲೂ ಸ್ವೆಟರು, ಬೂಟು ಬಿಚ್ಚಿಸಿಯೇ ನಿಲ್ಲಿಸಿ. ಗೆರೆಯ ಹತ್ತಿರವಿರುವ ಮಗುವಿಗೆ 400 ಗ್ರಾಂ ಬಟ್ಟೆಯೂ ಲೆಕ್ಕವೇ. ತೂಕ ಇಳಿದಿದ್ದರೆ ಅದು ಇನ್ನೂ ದೊಡ್ಡ ಸುದ್ದಿ: ಟಿಬಿ ನೋಡಬೇಕು, ಔಷಧ ನಿಜವಾಗಿ ಹೊಟ್ಟೆ ಸೇರುತ್ತಿದೆಯೇ ನೋಡಬೇಕು.

ಡೋಲುಟೆಗ್ರಾವಿರ್‌ಗೆ ಕಬ್ಬಿಣ ಮತ್ತು ಕ್ಯಾಲ್ಸಿಯಂ ಔಷಧಗಳೊಂದಿಗೆ ಆಗಿಬರುವುದಿಲ್ಲ. ಹೊಟ್ಟೆಯಲ್ಲಿ ಅವು ಇದನ್ನು ಹಿಡಿದುಕೊಂಡು ರಕ್ತಕ್ಕೆ ಇಳಿಯದಂತೆ ಮಾಡುತ್ತವೆ. ಇದು ಮೇಲ್ನೋಟಕ್ಕೆ ಕಾಣುವುದಕ್ಕಿಂತ ಹತ್ತಿರದ ತೊಂದರೆ, ಏಕೆಂದರೆ ರಕ್ತಹೀನತೆ ತಡೆಯಲು ಸರಕಾರವೇ ಮಕ್ಕಳಿಗೆಲ್ಲ ಕಬ್ಬಿಣ ಕೊಡುತ್ತದೆ: ಆರು ತಿಂಗಳಿಂದ ಐದು ವರ್ಷದವರೆಗೆ ವಾರಕ್ಕೆರಡು ಸಲ 1 ಮಿ.ಲೀ. ಸಿರಪ್ಪು, 5ರಿಂದ 9ರವರಿಗೆ ವಾರಕ್ಕೊಂದು ಗುಲಾಬಿ ಮಾತ್ರೆ, 10 ದಾಟಿದವರಿಗೆ ನೀಲಿ ಮಾತ್ರೆ. ಇವನ್ನು ನಿಲ್ಲಿಸುವುದು ಬೇಡ, ದೂರ ಇಟ್ಟರಾಯಿತು. ಡೋಲುಟೆಗ್ರಾವಿರ್ ಕೊಟ್ಟು ಎರಡು ಗಂಟೆ ಆದ ಮೇಲೆ ಕಬ್ಬಿಣ, ಇಲ್ಲವೇ ಕಬ್ಬಿಣ ಕೊಟ್ಟು ಆರು ಗಂಟೆ ಆದ ಮೇಲೆ ಡೋಲುಟೆಗ್ರಾವಿರ್. ಶಾಲೆಯಲ್ಲಿ ಬಿಸಿಯೂಟದ ನಂತರ ಒಂದೂವರೆಗೆ ಕಬ್ಬಿಣದ ಮಾತ್ರೆ, ಮನೆಯಲ್ಲಿ ರಾತ್ರಿ ಎಂಟಕ್ಕೆ ಇದು ಎಂದಿಟ್ಟುಕೊಂಡರೆ ಯಾರಿಗೂ ಏನೂ ವಿವರಿಸಬೇಕಾಗಿಲ್ಲ. ಗ್ಯಾಸಿಗೆ ಕುಡಿಸುವ ಬಿಳಿ ಆಂಟಾಸಿಡ್ ಸಿರಪ್ಪಿಗೂ ಇದೇ ಅಂತರ. ಹಾಲು, ರಾಗಿ ಅಂಬಲಿ, ಮೊಟ್ಟೆ ಇವೆಲ್ಲ ಊಟ. ಅವುಗಳಲ್ಲಿ ಕ್ಯಾಲ್ಸಿಯಂ ಇದೆಯೆಂದು ಹೆದರಿ ಮಗುವಿನ ರಾಗಿ ನಿಲ್ಲಿಸಿದರೆ ನಷ್ಟವೇ.

ರಾತ್ರಿ ಎಂಟರ ವೇಳೆಗೂ ತನ್ನದೇ ಕೊರತೆಯಿದೆ: ಎರಡು ವರ್ಷದ ಮಗು ಏಳಕ್ಕೇ ಮಲಗಿಬಿಡುತ್ತದೆ. ಅಂಥ ಮನೆಗೆ ಬೆಳಗ್ಗೆಯೇ ಸೂಕ್ತ. ಕೆಲವು ಮಕ್ಕಳಿಗೆ ಈ ಔಷಧದಿಂದ ನಿದ್ದೆ ಕೆಡುವುದೂ ಉಂಟು, ಅವರಿಗೂ ಬೆಳಗ್ಗೆಗೆ ಬದಲಿಸಿದರೆ ಸರಿಹೋಗುತ್ತದೆ. ಕಬ್ಬಿಣದ ಲೆಕ್ಕ ಆಗಲೂ ಕೂಡಿಬರುತ್ತದೆ.

ಟಿಬಿ ಔಷಧದಲ್ಲಿ ರಿಫಾಂಪಿಸಿನ್ ಇದ್ದರೆ ಡೋಲುಟೆಗ್ರಾವಿರ್ ಮೈಯಿಂದ ಬೇಗ ಖಾಲಿಯಾಗುತ್ತದೆ. ಆಗ ಅದೇ ಅಳತೆಯನ್ನು ಹನ್ನೆರಡು ಗಂಟೆಗೊಮ್ಮೆ, ಅಂದರೆ ದಿನಕ್ಕೆರಡು ಸಲ ಕೊಡಬೇಕು, ಟಿಬಿ ಔಷಧ ಮುಗಿದು ಎರಡು ವಾರದವರೆಗೂ. ಜೊತೆಯ ಅಬಾಕಾವಿರ್-ಲಾಮಿವುಡಿನ್ ಒಂದೇ ಸಲ. ಫಿಟ್ಸಿಗೆ ಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್, ಫೀನೋಬಾರ್ಬಿಟೋನ್‌ಗಳಿಂದಲೂ ಇದೇ ತಾಪತ್ರಯ. ಬೇರೆ ಆಸ್ಪತ್ರೆಯಲ್ಲಿ ಬರೆದ ಚೀಟಿಗಳನ್ನೆಲ್ಲ ಎಆರ್‌ಟಿ ಡಾಕ್ಟರಿಗೆ ತೋರಿಸಬೇಕಾದದ್ದು ಇದಕ್ಕೆ.

ಹೆದರಬೇಕಾದದ್ದು ಒಂದಿದೆ, ಅದು ಅಬಾಕಾವಿರ್ ಅಲರ್ಜಿ. ಅಪರೂಪ, ಆದರೆ ಜೀವಕ್ಕೆ ಎರವಾಗಬಲ್ಲದು. ಸಾಮಾನ್ಯವಾಗಿ ಮೊದಲ ಆರು ವಾರಗಳೊಳಗೆ ಜ್ವರ, ಮೈಮೇಲೆ ದದ್ದು, ವಾಂತಿ, ಕೆಮ್ಮು ಒಂದರ ಮೇಲೊಂದು ಬಂದು, ಪ್ರತಿ ಸಲ ಔಷಧ ಕೊಟ್ಟ ಮೇಲೆ ಜಾಸ್ತಿಯಾಗುತ್ತಾ ಹೋಗುತ್ತದೆ. ಹಾಗಾದರೆ ಆ ದಿನವೇ ಡಾಕ್ಟರಿಗೆ ತೋರಿಸಬೇಕು. ಅಲರ್ಜಿ ಎಂದು ಖಚಿತವಾಗಿ ನಿಲ್ಲಿಸಿದ ಮೇಲೆ ಆ ಮಗುವಿಗೆ ಅಬಾಕಾವಿರ್ ಇನ್ನೆಂದೂ ಕೊಡಬಾರದು. ಎರಡನೆಯ ಸಲದ ಪೆಟ್ಟು ಮೊದಲಿನದಕ್ಕಿಂತ ಬಲ. ಗ್ರೀನ್ ಬುಕ್ಕಿನ ಮೊದಲ ಪುಟದಲ್ಲೇ ದೊಡ್ಡ ಅಕ್ಷರದಲ್ಲಿ ಬರೆಸಿಕೊಳ್ಳಿ.

ಡಬ್ಬಿಯ ಬಗ್ಗೆ ಇನ್ನೊಂದು ಮಾತು. ಅದು ಗಲಗಲ ಎನ್ನುತ್ತದೆ. ಬಸ್ಸಿನಲ್ಲಿ, ಹಾಸ್ಟೆಲ್ಲಿನಲ್ಲಿ, ನೆಂಟರ ಮನೆಯಲ್ಲಿ ಆ ಸದ್ದು ಮುಜುಗರ. ಅದಕ್ಕಾಗಿ ಮಾತ್ರೆಗಳನ್ನು ಪ್ಲಾಸ್ಟಿಕ್ ಕವರಿಗೆ ಸುರಿದುಕೊಂಡು ಡಬ್ಬಿ ಎಸೆಯುವವರಿದ್ದಾರೆ, ಲೇಬಲ್ ಕಿತ್ತು ಹಾಕುವವರಿದ್ದಾರೆ. ಮೊದಲನೆಯದರಿಂದ ಮಾತ್ರೆ ಕೆಡುತ್ತದೆ, ಎರಡನೆಯದರಿಂದ ಎರಡು ಡಬ್ಬಿ ಅದಲುಬದಲಾಗುತ್ತದೆ. ಡಬ್ಬಿಗೆ ಒಂದು ಬಟ್ಟೆಯ ಚೀಲ ಹೊಲಿದು ತೊಡಿಸಿದರೆ ಸದ್ದೂ ಕಡಿಮೆ, ಲೇಬಲ್ಲೂ ಉಳಿಯುತ್ತದೆ.

ದಿನಕ್ಕೊಂದೇ ಸಲ ಎಂಬುದರ ದೊಡ್ಡ ಲಾಭ ಶಾಲೆಗೆ ಸಂಬಂಧಿಸಿದ್ದು. ಔಷಧ ಮನೆಯಲ್ಲೇ ಮುಗಿಯುವುದರಿಂದ ಮೇಷ್ಟರಿಗೆ ಹೇಳುವ ಪ್ರಸಂಗವೇ ಬರುವುದಿಲ್ಲ. ಹೇಳಲೇಬೇಕೆಂಬ ಕಾನೂನೂ ಇಲ್ಲ. 2017ರ ಎಚ್‌ಐವಿ-ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಎಚ್‌ಐವಿ ಕಾರಣಕ್ಕೆ ಶಾಲೆಯಲ್ಲಿ ಸೀಟು ನಿರಾಕರಿಸುವುದು, ಬೇರೆ ಕೂರಿಸುವುದು ಅದರಡಿ ನಿಷಿದ್ಧ. ಅದೇ ಕಾಯ್ದೆಯ ಇನ್ನೊಂದು ವಿಧಿ ಕಡಿಮೆ ಜನಕ್ಕೆ ಗೊತ್ತು: ತಂದೆತಾಯಿ ಇಲ್ಲದ ಅಥವಾ ಹಾಸಿಗೆ ಹಿಡಿದ ಮನೆಯಲ್ಲಿ, 12 ದಾಟಿದ, ಮನೆ ನಡೆಸುವ ತಿಳಿವಳಿಕೆಯಿರುವ ಅಕ್ಕನೋ ಅಣ್ಣನೋ ತಮ್ಮ-ತಂಗಿಯ ಪೋಷಕರಾಗಿ ಆಸ್ಪತ್ರೆ, ಶಾಲೆಗಳಲ್ಲಿ ಸಹಿ ಹಾಕಬಹುದು. ಅಜ್ಜಿಯೇ ಸಾಕುತ್ತಿರುವ ಮನೆಗಳಿಗೆ ರಾಜ್ಯದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ವಿಶೇಷ ಪಾಲನಾ ಯೋಜನೆಯಿದೆ. ಸೋಂಕಿರುವ ಮಕ್ಕಳಷ್ಟೇ ಅಲ್ಲ, ಸೋಂಕಿನಿಂದ ಬಾಧಿತ ಕುಟುಂಬದ ಮಕ್ಕಳೂ ಅದಕ್ಕೆ ಸೇರುತ್ತಾರೆ. ವಿಚಾರಿಸಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ.

ಸಿಹಿ ವಾಸನೆಗೆ ಒಂದು ಕೆಟ್ಟ ಮಗ್ಗುಲಿದೆ. ಮಗು ಒಪ್ಪಲೆಂದು ದೊಡ್ಡವರು ಇದನ್ನು ಚಾಕೊಲೇಟ್ ಎನ್ನುತ್ತಾರೆ. ಚಾಕೊಲೇಟ್ ಆದರೆ ತಂಗಿಗೂ ಬೇಕು, ತಾನೂ ಇನ್ನೆರಡು ತಿನ್ನಬೇಕು. ಡಬ್ಬಿ ಮಕ್ಕಳ ಕೈಗೆ ಎಟುಕಲೇಬಾರದು, ಹೆಸರು ಔಷಧವೆಂದೇ ಇರಬೇಕು. ಏಕೆ ಕುಡಿಯಬೇಕು ಎಂದು ನಾಲ್ಕೈದು ವರ್ಷಕ್ಕೆ ಕೇಳಿದರೆ ‘ರಕ್ತದಲ್ಲಿ ಒಂದು ಹುಳ ಮಲಗಿದೆ, ಏಳದಿರಲೆಂದು ಇದು’ ಎಂಬಷ್ಟು ಸಾಕು, ಸುಳ್ಳೂ ಅಲ್ಲ. ಎಚ್‌ಐವಿ ಎಂಬ ಹೆಸರನ್ನು ಶಾಲೆಗೆ ಹೋಗುವ ವಯಸ್ಸಿನಲ್ಲಿ, 6ರಿಂದ 12ರೊಳಗೆ, ಮಗುವಿನ ತಿಳಿವಳಿಕೆ ನೋಡಿ ಹೇಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಡಮಾಡಿದರೆ ಮಗು ಡಬ್ಬಿಯ ಹೆಸರನ್ನು ಮೊಬೈಲಿನಲ್ಲಿ ಹುಡುಕಿ ತಾನೇ ಓದಿಕೊಳ್ಳುತ್ತದೆ, ಅದೂ ಒಬ್ಬನೇ ಕೂತು.

ನುಂಗುವುದನ್ನೂ ಮೊದಲೇ ಕಲಿಸಿ. 20 ಕೆ.ಜಿ.ಯ ಹೊತ್ತಿಗೆ ಬರುವ 50ರ ಮಾತ್ರೆ ಸಣ್ಣದು, ಕಷ್ಟವಿಲ್ಲ. 30 ಕೆ.ಜಿ. ಮತ್ತು 10 ವರ್ಷ ದಾಟಿದ ಮೇಲೆ ಬರುವ, ದೊಡ್ಡವರು ತಿನ್ನುವ ಟಿಎಲ್‌ಡಿ (ಟೆನೋಫೋವಿರ್, ಲಾಮಿವುಡಿನ್, ಡೋಲುಟೆಗ್ರಾವಿರ್ ಸೇರಿದ ಮಾತ್ರೆ) ದೊಡ್ಡದು. 17-18 ಕೆ.ಜಿ. ಇರುವಾಗಲೇ ಬಾಳೆಹಣ್ಣಿನ ಸಣ್ಣ ಚೂರನ್ನು ಅಗಿಯದೆ ನೀರಿನೊಂದಿಗೆ ನುಂಗುವ ಆಟ ಆಡಿಸಿದರೆ ಆ ದಿನ ಅಳು ಇರುವುದಿಲ್ಲ.

ಮೂರೂ ಔಷಧ ಸೇರಿದ ಕರಗುವ ಮಾತ್ರೆಯೂ ಬಂದಿದೆ: ಅಬಾಕಾವಿರ್ 60, ಡೋಲುಟೆಗ್ರಾವಿರ್ 5, ಲಾಮಿವುಡಿನ್ 30. 6ರಿಂದ 10ರೊಳಗೆ ಮೂರು, 14ರೊಳಗೆ ನಾಲ್ಕು, 20ರೊಳಗೆ ಐದು, 25ರೊಳಗೆ ಆರು. ಒಳಗಿನ ಔಷಧ 20 ಕೆ.ಜಿ.ಯವರೆಗೆ ಎರಡು ಡಬ್ಬಿಯ ಲೆಕ್ಕಕ್ಕೆ ಸರಿಸಮ, ಆದರೆ ಮುರಿಯುವ ಕೆಲಸವೇ ಇಲ್ಲ, ಡಬ್ಬಿಯೂ ಒಂದೇ. ಸಿಕ್ಕಿದಲ್ಲಿ ಇದೇ ಮೇಲು. ಹಳೆಯ ಜೋಡಿಯ ಜೊತೆ ಇದನ್ನೂ ಸೇರಿಸಿ ಕೊಡದಂತೆ ಮಾತ್ರ ನೋಡಿಕೊಳ್ಳಿ. ಬದಲಾದ ದಿನ ಹಳೆಯ ಡಬ್ಬಿಗಳನ್ನು ಸೆಂಟರಿಗೇ ವಾಪಸು ಕೊಡಬೇಕು.

ಒಂದು ಗಡಿ ನೆನಪಿರಲಿ: ಇದು ಸೋಂಕು ಖಚಿತವಾದ ಮಗುವಿನ ಔಷಧ. ಸೋಂಕಿರುವ ತಾಯಿಗೆ ಹುಟ್ಟಿದ ಕೂಸಿಗೆ ಮೊದಲು ಬೇಕಾದದ್ದು ಹುಟ್ಟಿದ ದಿನದಿಂದಲೇ ನೆವಿರಪಿನ್ ಸಿರಪ್ಪು, ಆರು ವಾರಕ್ಕೆ ಹಿಮ್ಮಡಿಯ ರಕ್ತದ ಪಿಸಿಆರ್ (ವೈರಸ್ಸನ್ನೇ ನೇರವಾಗಿ ಹುಡುಕುವ ಪರೀಕ್ಷೆ), ಪರೀಕ್ಷೆ ಮತ್ತೆ ಆರು ತಿಂಗಳಿಗೆ, ವರ್ಷಕ್ಕೆ, ಕೊನೆಗೆ ಹದಿನೆಂಟು ತಿಂಗಳಿಗೆ. ಮೊದಲ ವರದಿ ನೆಗೆಟಿವ್ ಬಂತೆಂದು ಉಳಿದವನ್ನು ಬಿಡುವುದೇ ಇಲ್ಲಿ ನಡೆಯುವ ಸಾಮಾನ್ಯ ತಪ್ಪು; ಎದೆಹಾಲು ನಡೆಯುತ್ತಿರುವಷ್ಟು ಕಾಲ ಪ್ರಶ್ನೆ ಮುಗಿದಿರುವುದಿಲ್ಲ.

ಸ್ಟಾಕಿನ ವಿಷಯಕ್ಕೆ ಅಂಕ ಕೊಡುವುದು ಕಷ್ಟ. 2022ರ ಜುಲೈನಲ್ಲಿ ಔಷಧ ಕೊರತೆಯಾಗಿ ಸೋಂಕಿತರು ದೆಹಲಿಯ ನ್ಯಾಕೋ (ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ) ಕಚೇರಿಯಲ್ಲೇ ಧರಣಿ ಕೂತದ್ದು ಮರೆಯುವಷ್ಟು ಹಳೆಯದಲ್ಲ. ಎರಡು ಡಬ್ಬಿಗಳಲ್ಲಿ ಒಂದು ಖಾಲಿಯಾಗಿ ಇನ್ನೊಂದು ಉಳಿದಾಗ, ಉಳಿದದ್ದನ್ನೇ ಒಂಟಿಯಾಗಿ ಕೊಡುತ್ತಾ ದಿನ ತಳ್ಳಬಾರದು. ವೈರಸ್ಸು ಔಷಧಕ್ಕೆ ಒಗ್ಗುವುದು ಹೀಗೆಯೇ. ಹತ್ತು ದಿನದ ಮಾತ್ರೆ ಉಳಿದಿರುವಾಗಲೇ ಸೆಂಟರಿಗೆ ಫೋನು ಮಾಡಿ ಎರಡೂ ಇವೆಯೇ ಎಂದು ಕೇಳಿ. ಇಲ್ಲವೆಂದರೆ ಹತ್ತಿರದ ಇನ್ನೊಂದು ಎಆರ್‌ಟಿ ಅಥವಾ ಅದರ ಉಪಕೇಂದ್ರವಾದ ಲಿಂಕ್ ಎಆರ್‌ಟಿ ಸೆಂಟರಿನಿಂದ ತರಿಸಿಕೊಡಲು ಹೇಳಿ. ಉತ್ತರ ಸಿಗದಿದ್ದರೆ ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097. ಹಗಲು ರಾತ್ರಿ ಯಾವಾಗ ಮಾಡಿದರೂ ಆ ಕರೆಗೆ ದುಡ್ಡಿಲ್ಲ.